ಹೈವೇಯಲ್ಲಿ ಕೊಟ್ಟ ಟಿಕೆಟ್ ಯಾವ ವೆಬ್‌ಸೈಟಲ್ಲೂ ಸಿಗ್ತಿಲ್ಲ, ದಂಡ ಕಟ್ಟೋದು ಯಾವ ಕೋರ್ಟಿಗೆ?

ಹೊಳೆನರಸೀಪುರ_ಹುಡುಗ

ನಮಸ್ಕಾರ ಎಲ್ರಿಗೂ. ನಾನು ಇರೋದು ಅಮೆರಿಕದ ಟೆಕ್ಸಾಸಲ್ಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೋ. ಮೂರು ವಾರದ ಹಿಂದಿನ ಕಥೆ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಹೂಸ್ಟನ್ ಪಕ್ಕದ ಪಿಯರ್‌ಲ್ಯಾಂಡಿನಲ್ಲಿರುವ ಮೀನಾಕ್ಷಿ ದೇವಸ್ಥಾನ ತೋರಿಸೋಣ ಅಂತ ಫ್ರಿಸ್ಕೋದಿಂದ ಬೆಳಗ್ಗೆ ಐದಕ್ಕೆ ಹೊರಟೆವು. ಐ-45ರಲ್ಲಿ ಡಲ್ಲಾಸ್ ದಾಟಿ ಒಂದು ಗಂಟೆಯ ಮೇಲಾಗಿತ್ತು, ಹಿಂದೆ ಕೆಂಪು ನೀಲಿ ಲೈಟು. ಗಂಟೆಗೆ 75 ಮೈಲಿ ಮಿತಿ ಇದ್ದ ಕಡೆ 88ರಲ್ಲಿ ಹೋಗ್ತಿದ್ದೆ. ತಪ್ಪು ನನ್ನದೇ, ಅದರಲ್ಲಿ ವಾದ ಇಲ್ಲ. ಅಪ್ಪ ಹಿಂದಿನ ಸೀಟಿಂದ "ಇರು, ನಾನು ಇಳಿದು ಮಾತಾಡ್ತೀನಿ" ಅಂತ ಬಾಗಿಲಿಗೆ ಕೈ ಹಾಕಿದರು. ಅಮ್ಮ ಶರ್ಟ್ ಹಿಡಿದು ಕೂರಿಸಿದರು, ಪುಣ್ಯ.

ಟಿಕೆಟ್ ಅಂತ ಕೊಟ್ಟಿದ್ದು ನಮ್ಮ ಬಿಎಂಟಿಸಿ ಕಂಡಕ್ಟರ್ ಮಿಷಿನ್ನಿಂದ ಹರಿದು ಕೊಡ್ತಾರಲ್ಲ, ಆ ಥರದ ಉದ್ದನೆಯ ಚೀಟಿ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಮರೆತೆ. ಮೊನ್ನೆ ನೋಡಿದರೆ ಬಿಸಿಲಿಗೆ ಪೂರ್ತಿ ಕಪ್ಪಾಗಿ ದೋಸೆ ಸೀದ ಹಾಗಾಗಿದೆ. ನಂಬರ್ ಇಲ್ಲ, ತಾರೀಕಿಲ್ಲ, ಕೋರ್ಟಿನ ಹೆಸರಿಲ್ಲ. ಮೂಲೆಯಲ್ಲಿ ನನ್ನ ಹೆಸರಿನ ಅರ್ಧ ಮಾತ್ರ ಕಾಣ್ತಿದೆ.

ಫ್ರಿಸ್ಕೋ ಮುನ್ಸಿಪಲ್ ಕೋರ್ಟ್ ವೆಬ್‌ಸೈಟಲ್ಲಿ ಹುಡುಕಿದೆ, ಇಲ್ಲ. ದಾರಿಯಲ್ಲಿ ಸಿಕ್ಕ ಎರಡು ಊರಿನ ಸಿಟಿ ಕೋರ್ಟಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಮಾಫ್ ಆಯ್ತು ಅಂತ ಸುಮ್ನೆ ಇರಬಹುದಾ? ಅಥವಾ ಯಾರಿಗಾದರೂ ದುಡ್ಡು ಕಳಿಸಿ ಕೈತೊಳೆದುಕೊಳ್ಳೋದಾ? ಮನೆಯವಳು ದಿನಾ ಕೇಳ್ತಿದ್ದಾಳೆ.

ಬನಶಂಕರಿ_ಬಸ್‌ಸ್ಟಾಪ್

ಗುರು, ನಮ್ಮ ಬೆಂಗಳೂರಲ್ಲೇ ಇದ್ದಿದ್ದರೆ ಸುಮ್ನೆ ಕೂತಿರಬಹುದಿತ್ತು. 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ಇ-ಚಲನ್‌ಗೆ ಅರ್ಧ ದರ ಬಿಟ್ಟರು, ಮತ್ತೆ 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಬಿಟ್ಟರು. ನಮ್ಮ ಚಿಕ್ಕಪ್ಪ ಎರಡು ಸಲವೂ ಹಬ್ಬದ ಸೇಲ್ ಥರ ಕಟ್ಟಿ ಬಂದರು. ನಿಮ್ಮ ಟೆಕ್ಸಾಸಲ್ಲಿ ಡಿಸ್ಕೌಂಟ್ ಯಾವಾಗ?

ಆಸ್ಟಿನ್_ಅಜ್ಜ

ಟೆಕ್ಸಾಸಲ್ಲಿ ಡಿಸ್ಕೌಂಟ್ ಬದಲು ವಾರಂಟ್ ರೌಂಡಪ್ ಇದೆ ಮಾರಾಯ. ವರ್ಷಾವರ್ಷ ಫೆಬ್ರವರಿ ಮಾರ್ಚ್ ಹೊತ್ತಿಗೆ ಊರೂರಿನ ಕೋರ್ಟುಗಳೆಲ್ಲ ಒಟ್ಟಿಗೆ ಸೇರಿ, ಟಿಕೆಟ್ ಕಟ್ಟದೆ ಓಡಾಡ್ತಿರುವವರನ್ನು ಹುಡುಕಿ ಹಿಡೀತಾರೆ. ಅದಕ್ಕೆ ಮುಂಚೆ ಕೆಲವು ಕೋರ್ಟುಗಳು "ಈಗ ಬಂದು ಕಟ್ಟಿ, ಹಿಡಿಯಲ್ಲ" ಅಂತ ಒಂದೆರಡು ವಾರ ಬಿಡ್ತಾವೆ. ನಮಗೆ ಸಿಗುವ ರಿಯಾಯಿತಿ ಅಷ್ಟೇ.

ಈಗ ಹುಡುಗನ ಪ್ರಶ್ನೆಗೆ ಬರೋಣ. ತಮ್ಮಾ, ನೀನು ಹುಡುಕ್ತಿರೋ ಜಾಗವೇ ತಪ್ಪು. ನಿನ್ನ ಮನೆ ಫ್ರಿಸ್ಕೋದಲ್ಲಿದೆ ಅಂತ ಫ್ರಿಸ್ಕೋ ಕೋರ್ಟಿಗೆ ಟಿಕೆಟ್ ಬರಲ್ಲ. ಎಲ್ಲಿ ನಿಲ್ಲಿಸಿದರು ಅನ್ನೋದು ಮುಖ್ಯ. ಅದಕ್ಕಿಂತ ಮುಖ್ಯ, ಯಾರು ನಿಲ್ಲಿಸಿದರು ಅನ್ನೋದು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗೀತು.

ಸಿಟಿ ಪೊಲೀಸ್ ಬರೆದರೆ ಆ ಊರಿನ ಮುನ್ಸಿಪಲ್ ಕೋರ್ಟು. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ; ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಕಡೆಯವರು, ಕಾನ್‌ಸ್ಟೇಬಲ್ ಅಥವಾ ಟ್ರೂಪರ್, ಅಂದರೆ ರಾಜ್ಯದ ಹೈವೇ ಪೊಲೀಸ್, ಬರೆದರೆ ಕೌಂಟಿಯ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟು, ಎಲ್ರೂ ಜೆಪಿ ಕೋರ್ಟ್ ಅಂತಾರೆ. (ಇಲ್ಲಿ ಕಾನ್‌ಸ್ಟೇಬಲ್ ಅಂದರೆ ನಮ್ಮೂರ ಪೇದೆ ಅಲ್ಲ, ಓಟು ಹಾಕಿ ಆರಿಸುವ ಹುದ್ದೆ. ನನಗೆ ಇದು ತಿಳಿಯೋಕೆ ಹತ್ತು ವರ್ಷ ಬೇಕಾಯ್ತು.) ಒಂದೊಂದು ಕೌಂಟಿಯಲ್ಲೂ ಒಂದರಿಂದ ಎಂಟರವರೆಗೆ ಪ್ರಿಸಿಂಕ್ಟ್ (ಕೌಂಟಿಯೊಳಗಿನ ವಿಭಾಗ) ಇರ್ತಾವೆ, ಒಂದೊಂದಕ್ಕೂ ಬೇರೆ ಕೋರ್ಟು, ಬೇರೆ ಫೋನು, ಕೆಲವು ಕಡೆ ಬೇರೆ ವೆಬ್‌ಸೈಟೂ.

ಕಾರಿನ ಬಾಗಿಲ ಮೇಲೆ ಏನು ಬರೆದಿತ್ತು? ತಲೆ ಮೇಲೆ ಕೌಬಾಯ್ ಟೋಪಿ ಇತ್ತಾ?

ಹೊಳೆನರಸೀಪುರ_ಹುಡುಗ

ಟೋಪಿ ಇತ್ತು ಸರ್! ಕಂದು ಬಣ್ಣದ ಯೂನಿಫಾರ್ಮು, ಕಪ್ಪು ಬಿಳಿ ಕಾರು. ಅಪ್ಪ ಆ ಟೋಪಿ ನೋಡಿಯೇ ಸಿನಿಮಾದವರು ಅಂದುಕೊಂಡು ಇಳಿಯೋಕೆ ಹೋಗಿದ್ದು.

ಆಸ್ಟಿನ್_ಅಜ್ಜ

ಹಾಗಾದರೆ ಟ್ರೂಪರ್. ಜೆಪಿ ಕೋರ್ಟೇ. ಇನ್ನು ಯಾವ ಕೌಂಟಿ ಅಂತ ಕಂಡುಹಿಡಿಯಬೇಕು. ಡಲ್ಲಾಸಿನಿಂದ ಐ-45ರಲ್ಲಿ ಇಳಿದರೆ ಎಲಿಸ್, ನವಾರೊ, ಫ್ರೀಸ್ಟೋನ್, ಲಿಯಾನ್, ಮ್ಯಾಡಿಸನ್, ವಾಕರ್, ಮಾಂಟ್ಗೊಮರಿ, ಆಮೇಲೆ ಹೂಸ್ಟನ್ ಇರುವ ಹ್ಯಾರಿಸ್. ಫೋನಲ್ಲಿ ಗೂಗಲ್ ಟೈಮ್‌ಲೈನ್ ಆನ್ ಇದ್ದರೆ ಆ ದಿನ ತೆಗೆದು ನೋಡು, ಹದಿನೈದಿಪ್ಪತ್ತು ನಿಮಿಷ ಎಲ್ಲಿ ನಿಂತಿದ್ದೆ ಅಂತ ಅದೇ ಹೇಳುತ್ತೆ. ಆ ಚುಕ್ಕೆ ಯಾವ ಕೌಂಟಿಯಲ್ಲಿದೆ ನೋಡಿಕೊಂಡು, ಆ ಕೌಂಟಿಯ ವೆಬ್‌ಸೈಟಲ್ಲಿ ಪ್ರಿಸಿಂಕ್ಟ್ ಮ್ಯಾಪ್ ಹುಡುಕು. ಅಂಚಿನಲ್ಲಿದ್ದರೆ ಎರಡು ಪ್ರಿಸಿಂಕ್ಟಿಗೂ ಫೋನ್ ಮಾಡು.

ಇನ್ನೊಂದು ಮಾತು. ವಿಳಾಸದಲ್ಲಿರುವ ಊರಿನ ಹೆಸರು ಪೋಸ್ಟಾಫೀಸಿಂದು ಅಷ್ಟೇ. ವಿಳಾಸದಲ್ಲಿ ಆಸ್ಟಿನ್ ಅಂತ ಇರುತ್ತೆ, ಜಾಗ ಆಸ್ಟಿನ್ ಸಿಟಿ ಮಿತಿಯಿಂದ ಹೊರಗಿರುತ್ತೆ. ನಿಮ್ಮ ಫ್ರಿಸ್ಕೋ ಒಂದೇ ಊರು, ಆದರೆ ಅರ್ಧ ಕಾಲಿನ್ ಕೌಂಟಿ, ಅರ್ಧ ಡೆಂಟನ್ ಕೌಂಟಿ. ಅದಕ್ಕೇ ಊಹೆ ಮೇಲೆ ಹುಡುಕಬಾರದು ಅನ್ನೋದು.

ಚಿತ್ರಾನ್ನ_404

ಜೆಪಿ ಕೋರ್ಟ್ ಸಿಕ್ಕಿದ ಮೇಲೂ ಹೆಸರು ಹಾಕಿ ಹುಡುಕಿದರೆ ಸಿಗದೇ ಇರಬಹುದು, ಮೊದಲೇ ಹೇಳಿಬಿಡ್ತೀನಿ. ನಮ್ಮ ಹೆಸರುಗಳೇ ಒಂದು ದೊಡ್ಡ ತಲೆನೋವು. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು, ವೀಸಾದಲ್ಲಿ ಮೊದಲ ಹೆಸರು "ಎಫ್‌ಎನ್‌ಯು" ಆಯ್ತು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಲೈಸೆನ್ಸಲ್ಲೂ ಅದೇ ಬಂತು. ಆಫೀಸಲ್ಲಿ ಹೊಸಬರು ನನ್ನನ್ನು "ಫ್ನು" ಅಂತ ಕರೀತಿದ್ದರು. ಟಿಕೆಟ್ ಆದಾಗ ನಾನು ನನ್ನ ಹೆಸರು ಹಾಕಿ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಹಾಕಿದ ತಕ್ಷಣ ಬಂತು.

ಸರ್‌ನೇಮ್ ಜಾಗದಲ್ಲಿ ಬರೀ ಇನಿಷಿಯಲ್ ಇರುವವರದ್ದು ಇನ್ನೂ ಕಷ್ಟ. ಕೆಲವು ವೆಬ್‌ಸೈಟುಗಳು ಕಡೆಯ ಹೆಸರಿಗೆ ಎರಡು ಅಕ್ಷರವಾದರೂ ಬೇಕು ಅಂತವೆ, ನಿಮ್ಮದು ಬರೀ "ಕೆ" ಆದರೆ ಮುಗೀತು ಕಥೆ. ಊರಿನ ಹೆಸರು, ಅಪ್ಪನ ಹೆಸರು, ಹಿಂದುಮುಂದು, ಎಲ್ಲ ಹಾಕಿ ನೋಡಬೇಕು. ಅದಕ್ಕಿಂತ ಲೈಸೆನ್ಸ್ ನಂಬರ್ ಮತ್ತು ಹುಟ್ಟಿದ ತಾರೀಕು ಹಾಕಿ ಹುಡುಕೋದು ವಾಸಿ. ತಿಂಗಳು ಮೊದಲು, ದಿನ ಆಮೇಲೆ. ಇಷ್ಟು ವರ್ಷ ಆದರೂ ನಾನು ಉಲ್ಟಾ ಹಾಕ್ತೀನಿ.

ಕಿಟಕಿ_ನಂಬರ್_3

ನಾನು ಇನ್ನೊಂದು ರಾಜ್ಯದ ಒಂದು ಸಣ್ಣ ಸಿಟಿ ಕೋರ್ಟಲ್ಲಿ ಕ್ಲರ್ಕ್ ಆಗಿ ನಾಲ್ಕು ವರ್ಷ ಕೆಲಸ ಮಾಡಿದೆ. ಒಳಗಿಂದ ಕಂಡದ್ದನ್ನು ಹೇಳ್ತೀನಿ.

ವೆಬ್‌ಸೈಟಲ್ಲಿ ಇಲ್ಲ ಅಂದರೆ ಟಿಕೆಟ್ಟೇ ಇಲ್ಲ ಅಂತ ಅರ್ಥ ಅಲ್ಲ. ಪೊಲೀಸರು ಬರೆದದ್ದು ನಮ್ಮ ಕಂಪ್ಯೂಟರಿಗೆ ಬರೋಕೆ ಒಂದು ವಾರ, ಕೆಲವು ಸಲ ಎರಡು ವಾರ ಆಗ್ತಿತ್ತು. ಕೈಬರಹದ ಟಿಕೆಟ್ ಆದರೆ ಸೊನ್ನೆ ಯಾವುದು, ಓ ಅಕ್ಷರ ಯಾವುದು ಅಂತ ನಾವೇ ಕಣ್ಣು ಕಿರಿದು ಮಾಡಿಕೊಂಡು ಟೈಪ್ ಮಾಡ್ತಿದ್ದೆವು. ಒಂದಂಕಿ ತಪ್ಪಾದರೆ ನಿಮಗೆ ಸಿಗಲ್ಲ. ಅಷ್ಟರಲ್ಲಿ ಜನ "ಬಚಾವ್" ಅಂದುಕೊಂಡು ಬಿಟ್ಟುಬಿಡೋರು. ಆರು ತಿಂಗಳಾದ ಮೇಲೆ ವಾರಂಟ್ ಕಾಗದ ಹಿಡಿದು ನನ್ನ ಕಿಟಕಿ ಮುಂದೆ ನಿಲ್ಲೋರು.

ಫೋನ್ ಮಾಡಿ. ಬೆಳಗ್ಗೆ ಕೋರ್ಟ್ ತೆರೆದ ಅರ್ಧ ಗಂಟೆಯೊಳಗೆ ಮಾಡಿದರೆ ಬೇಗ ಸಿಗ್ತಾರೆ, ಸೋಮವಾರ ಬೇಡ. ಲೈಸೆನ್ಸ್ ಕೈಯಲ್ಲಿ ಹಿಡಿದುಕೊಂಡು ಅದರಲ್ಲಿ ಹೇಗಿದೆಯೋ ಹಾಗೇ ಹೆಸರು ಒಂದೊಂದೇ ಅಕ್ಷರ ಹೇಳಿ. ಗಾಡಿ ನಂಬರ್, ತಾರೀಕು, ರಸ್ತೆ ಹೇಳಿ. ಸಿಕ್ಕಿದ ಮೇಲೆ ಮೂರು ವಿಷಯ ಬರೆದುಕೊಳ್ಳಿ: ಟಿಕೆಟ್ ಅಥವಾ ಕೇಸ್ ನಂಬರ್, ಕೋರ್ಟಿಗೆ ಉತ್ತರ ಕೊಡಬೇಕಾದ ಕೊನೆಯ ದಿನ, ಮಾತಾಡಿದವರ ಹೆಸರು.

ಇನ್ನೊಂದು ಗುಟ್ಟು. "ನಾನು ಏನು ಮಾಡಲಿ?" ಅಂತ ಕ್ಲರ್ಕನ್ನು ಕೇಳಬೇಡಿ. ಕಾನೂನು ಸಲಹೆ ಕೊಡುವ ಹಾಗಿಲ್ಲ ಅಂತ ಒಂದೇ ಸಾಲಿನ ಉತ್ತರ ಬರುತ್ತೆ. "ನನಗೆ ಏನೇನು ದಾರಿ ಇದೆ?" ಅಂತ ಕೇಳಿ. ಆಗ ಪಟಪಟ ಅಂತ ಪೂರ್ತಿ ಪಟ್ಟಿ ಹೇಳ್ತಾರೆ. ನಾನೂ ಹಾಗೇ ಮಾಡ್ತಿದ್ದೆ.

ಹೊಳೆನರಸೀಪುರ_ಹುಡುಗ

ಸಿಕ್ತು! ಟೈಮ್‌ಲೈನಲ್ಲಿ 6:52ರಿಂದ 7:10ರವರೆಗೆ ಹೈವೇ ಪಕ್ಕ ನಿಂತಿದ್ದು ಹಾಗೇ ಇದೆ. ಮೊದಲು ಒಂದು ಪ್ರಿಸಿಂಕ್ಟಿಗೆ ಫೋನ್ ಮಾಡಿದೆ, ಅವರು ಪಕ್ಕದ್ದು ಅಂದರು. ಪಕ್ಕದವರು ಲೈಸೆನ್ಸ್ ನಂಬರ್ ಕೇಳಿ ಹತ್ತು ಸೆಕೆಂಡಲ್ಲಿ ತೆಗೆದರು. ಕೊನೆಯ ದಿನ ಬರುವ ಬುಧವಾರ!! ಇನ್ನು ಐದು ದಿನ. ಕೌಂಟಿ ಹೆಸರು ಇಲ್ಲಿ ಬರೆಯಲ್ಲ, ಆದರೆ ಆ ಹೆಂಗಸು ತುಂಬ ಚೆನ್ನಾಗಿ ಮಾತಾಡಿದರು. ನನ್ನ ಹೆಸರನ್ನು ಮಾತ್ರ ಮೂರು ಥರ ಕರೆದರು.

ವೆಬ್‌ಸೈಟಲ್ಲಿ "ಈಗಲೇ ಪಾವತಿಸಿ" ಅಂತ ಹಸಿರು ಬಟನ್ ಇದೆ. ಒತ್ತಿ ಮುಗಿಸ್ಲಾ?

ಆಸ್ಟಿನ್_ಅಜ್ಜ

ಒತ್ತಬೇಡ!! ಕೈ ತೆಗಿ ಮೊದಲು.

ಚಿತ್ರಾನ್ನ_404

ಅಜ್ಜ ಕೂಗಿದ್ದು ನಮ್ಮ ಮನೆವರೆಗೂ ಕೇಳಿಸಿತು

ಆಸ್ಟಿನ್_ಅಜ್ಜ

ಕೂಗಲೇಬೇಕು. ಸುಮ್ನೆ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೇ, ನಿನ್ನ ರೆಕಾರ್ಡಿಗೆ ಕನ್ವಿಕ್ಷನ್ ಅಂತ ಹೋಗುತ್ತೆ. ದಂಡ ಒಂದು ಸಲದ್ದು. ಇನ್ಶೂರೆನ್ಸ್ ಏರಿದರೆ ಮೂರು ವರ್ಷ ಕಟ್ತೀಯ. (ರಸ್ತೆಯಲ್ಲಿ ಸಹಿ ಹಾಕಿದ್ದು ಬೇರೆ, ಅದು ಕೋರ್ಟಿಗೆ ಉತ್ತರ ಕೊಡ್ತೀನಿ ಅನ್ನೋ ಮಾತು ಅಷ್ಟೇ. ಸಹಿ ಹಾಕಿದರೆ ಒಪ್ಪಿಕೊಂಡ ಹಾಗಾಗಲ್ಲ.)

ಟೆಕ್ಸಾಸಲ್ಲಿ ಡಿಫೆನ್ಸಿವ್ ಡ್ರೈವಿಂಗ್ ಅಂತ ಒಂದು ಕೋರ್ಸ್ ಇದೆ. ಕಳೆದ 12 ತಿಂಗಳಲ್ಲಿ ಟಿಕೆಟ್‌ಗಾಗಿ ಆ ಕೋರ್ಸ್ ಮಾಡಿರಬಾರದು. ಕಮರ್ಷಿಯಲ್ ಲೈಸೆನ್ಸ್ ಇರಬಾರದು. ಇನ್ಶೂರೆನ್ಸ್ ಇರಬೇಕು. ಮಿತಿಗಿಂತ 25 ಮೈಲಿ ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ ಇಲ್ಲ, 95 ಮುಟ್ಟಿದ್ದರೂ ಇಲ್ಲ. ರಸ್ತೆ ಕೆಲಸದವರು ಇದ್ದ ಜಾಗದಲ್ಲಿ ಸಿಕ್ಕಿಬಿದ್ದಿದ್ದರೂ ಇಲ್ಲ. ನಿನ್ನದು 13 ಜಾಸ್ತಿ, ಆರಾಮಾಗಿ ಸಿಗುತ್ತೆ. ಆದರೆ ಕೊನೆಯ ದಿನದ ಒಳಗೆ ಕೇಳಿಕೊಳ್ಳಬೇಕು, ನೋ ಕಾಂಟೆಸ್ಟ್ (ವಾದ ಮಾಡಲ್ಲ) ಅಂತ ಬರೆದು ಕೋರ್ಟಿನ ಫೀ ಕಟ್ಟಬೇಕು. ಆಮೇಲೆ 90 ದಿನ ಸಮಯ. ಕೋರ್ಸ್ ಆರು ಗಂಟೆ, ಆನ್‌ಲೈನಲ್ಲೇ ಆಗುತ್ತೆ. ಮುಗಿಸಿ ಸರ್ಟಿಫಿಕೇಟು, ಜೊತೆಗೆ ಲೈಸೆನ್ಸ್ ಕೊಡುವ ಇಲಾಖೆ ಡಿಪಿಎಸ್‌ನಿಂದ 3ಎ ಅನ್ನೋ ಡ್ರೈವಿಂಗ್ ರೆಕಾರ್ಡು, ಎರಡನ್ನೂ ಕೋರ್ಟಿಗೆ ಕಳಿಸಿದರೆ ಕೇಸ್ ವಜಾ. 3 ಬೇರೆ, 3ಎ ಬೇರೆ, ನೆನಪಿಟ್ಟುಕೋ.

ಕೋರ್ಸ್ ಆಗಲ್ಲ ಅನ್ನೋರಿಗೆ ಡೆಫರ್ಡ್ ಡಿಸ್ಪೊಸಿಷನ್ ಇದೆ. ಜಡ್ಜ್ ಹೇಳಿದಷ್ಟು ದಿನ, ಜಾಸ್ತಿ ಅಂದರೆ 180, ಇನ್ನೊಂದು ಟಿಕೆಟ್ ತಗೊಳ್ಳದೆ ಇದ್ದರೆ ವಜಾ. ಅದು ಸ್ವಲ್ಪ ದುಬಾರಿ.

ಏನೂ ಮಾಡದೆ ಕೂತರೆ ಮಾತ್ರ ಕೆಟ್ಟದು. ಹಾಜರಾಗಿಲ್ಲ ಅಂತ ಇನ್ನೊಂದು ಕೇಸು, ವಾರಂಟು, ಲೈಸೆನ್ಸ್ ರಿನೀವಲ್‌ಗೆ ತಡೆ. ಎರಡು ತಿಂಗಳು ದಾಟಿ ವಸೂಲಿಯವರ ಕೈಗೆ ಹೋದರೆ ಅದರ ಮೇಲೆ ಶೇಕಡ 30.

ಸೀಗೆಪುಡಿ

ಟೆಕ್ಸಾಸಿನವರು ಎಷ್ಟು ಪುಣ್ಯ ಮಾಡಿದ್ದೀರೋ. ನಾನು ನ್ಯೂಜೆರ್ಸಿ. ಇಲ್ಲಿ 564 ಪುರಸಭೆ, ರಸ್ತೆ ದಾಟಿದರೆ ಊರು ಬದಲು, ಊರು ಬದಲಾದರೆ ಕೋರ್ಟೂ ಬದಲು. ಎಡಿಸನ್‌ನಲ್ಲಿ ಇಡ್ಲಿ ಪಾರ್ಸೆಲ್ ತಗೊಂಡು ಮನೆಗೆ ಹೋಗೋಷ್ಟರಲ್ಲಿ ಮೂರು ಊರು ದಾಟ್ತೀನಿ. ಆದರೆ ಒಂದು ಒಳ್ಳೇದಿದೆ, ಕಟ್ಟೋಕೆ ಇಡೀ ರಾಜ್ಯಕ್ಕೆ ಒಂದೇ ವೆಬ್‌ಸೈಟು, ಎನ್‌ಜೆಎಂಸಿ ಡೈರೆಕ್ಟ್. ಟಿಕೆಟ್ ಮೇಲಿರುವ ಕೋರ್ಟ್ ನಂಬರು, ಟಿಕೆಟ್ಟಿನ ಪ್ರಿಫಿಕ್ಸು, ಟಿಕೆಟ್ ನಂಬರು, ಗಾಡಿ ನಂಬರು ಬೇಕು. ಆ ಪ್ರಿಫಿಕ್ಸ್ ಬಿಟ್ಟು ಬರೀ ನಂಬರ್ ಹಾಕಿ "ಇಲ್ಲ" ಅಂತ ಬಂತು ಅಂತ ಗೋಳಾಡುವವರೇ ಜಾಸ್ತಿ.

ಇಲ್ಲೂ ಅದೇ, ಮೊದಲೇ ಕಟ್ಟಬೇಡಿ. ಕೋರ್ಟ್ ದಿನ ಪ್ರಾಸಿಕ್ಯೂಟರ್ ಹತ್ತಿರ ಮಾತಾಡಿದರೆ ಎಷ್ಟೋ ಸಲ "ಅನ್‌ಸೇಫ್ ಡ್ರೈವಿಂಗ್" ಅಂತ ಇಳಿಸ್ತಾರೆ. ಲೈಸೆನ್ಸ್ ಮೇಲೆ ತಪ್ಪಿನ ಪಾಯಿಂಟ್ ಬೀಳಲ್ಲ, ಆದರೆ ದಂಡದ ಮೇಲೆ 250 ಡಾಲರ್ ಸರ್‌ಚಾರ್ಜ್ ಬಡೀತಾರೆ. ಇದು ಎರಡು ಸಲಕ್ಕೆ ಮಾತ್ರ. ಐದು ವರ್ಷದೊಳಗೆ ಮೂರನೇ ಸಲ ಆದರೆ ಪಾಯಿಂಟ್ ಬಿದ್ದೇ ಬೀಳುತ್ತೆ. ಹೇಗೆ ಗೊತ್ತು ಅಂತ ಕೇಳಬೇಡಿ.

ನದಿ ದಾಟಿ ನ್ಯೂಯಾರ್ಕ್ ಸಿಟಿಗೆ ಹೋದರೆ ಈ ಚೌಕಾಸಿ ನಡೆಯಲ್ಲ. ಅಲ್ಲಿ ಸ್ಪೀಡಿಂಗ್ ಥರದ್ದೆಲ್ಲ ಡಿಎಂವಿಯ (ನಮ್ಮ ಆರ್‌ಟಿಒ ಥರ) ಟ್ರಾಫಿಕ್ ವಯಲೇಷನ್ಸ್ ಬ್ಯೂರೋ ನೋಡುತ್ತೆ. ತಪ್ಪಿತಸ್ಥ ಅಥವಾ ಅಲ್ಲ, ಮಧ್ಯದ ದಾರಿ ಇಲ್ಲ. ಪಾರ್ಕಿಂಗ್ ಟಿಕೆಟ್ ಆದರೆ ಸಿಟಿಯ ಹಣಕಾಸು ಇಲಾಖೆ, ಅದು ಬೇರೆಯೇ ವೆಬ್‌ಸೈಟು.

ಕಡಬು_ಕಿಟ್ಟಿ

ಕ್ಯಾಲಿಫೋರ್ನಿಯಾದವರು ಯಾರೂ ಇಲ್ವಾ ಇಲ್ಲಿ? ನಮ್ಮಲ್ಲಿ ಸಿಟಿ ಕೋರ್ಟಿನ ಗೋಜೇ ಇಲ್ಲ. ಯಾರೇ ಬರೆಯಲಿ, ಆ ಕೌಂಟಿಯ ಸುಪೀರಿಯರ್ ಕೋರ್ಟ್. ಆದರೆ ಫ್ರೀಮಾಂಟಿಂದ ಲಾಸ್ ಏಂಜಲಿಸ್‌ಗೆ ಐ-5ರಲ್ಲಿ ಹೋಗ್ತಾ ಹೈವೇ ಪ್ಯಾಟ್ರೋಲ್ ಪೊಲೀಸರ ಕೈಗೆ ಸಿಕ್ಕರೆ, ನೀವು ಹೆಸರೇ ಕೇಳಿರದ ಕೌಂಟಿಯ ಕೋರ್ಟು, ಮನೆಯಿಂದ ಮೂರು ಗಂಟೆ ದೂರ.

ದಂಡದ ಲೆಕ್ಕ ನೋಡಿದರೆ ಹೋಟೆಲ್ ಬಿಲ್ಲಿನ ಜಿಎಸ್‌ಟಿ ಎಷ್ಟೋ ವಾಸಿ ಅನ್ನಿಸುತ್ತೆ. 15 ಮೈಲಿವರೆಗೆ ಜಾಸ್ತಿ ಹೋದರೆ ಮೂಲ ದಂಡ 35 ಡಾಲರ್. ಅದರ ಮೇಲೆ ರಾಜ್ಯದ್ದು, ಕೌಂಟಿದು, ಕೋರ್ಟ್ ಕಟ್ಟಡದ್ದು, ಆಂಬುಲೆನ್ಸಿಂದು ಅಂತ ಸೇರಿ ಸೇರಿ 230 ದಾಟುತ್ತೆ. ನಾನು ಬಿಲ್ ನೋಡಿ ಯಾರೋ ತಪ್ಪು ಟೈಪ್ ಮಾಡಿದ್ದಾರೆ ಅಂತ ಕೋರ್ಟಿಗೆ ಫೋನ್ ಮಾಡಿದ್ದೆ. ನಕ್ಕರು.

ದೂರದ ಕೋರ್ಟಿಗೆ ಹೋಗೋಕಾಗದವರು ಬರಹದಲ್ಲೇ ವಾದ ಮಾಡಬಹುದು, ಟಿಆರ್-205 ಅನ್ನೋ ಫಾರಂ. ದಂಡದ ದುಡ್ಡು ಮೊದಲೇ ಕಟ್ಟಿರಬೇಕು, ಗೆದ್ದರೆ ವಾಪಸ್. ಸೋತರೆ 20 ದಿನದೊಳಗೆ ಹೊಸದಾಗಿ ವಿಚಾರಣೆ ಕೇಳಬಹುದು. 18 ತಿಂಗಳಿಗೊಮ್ಮೆ ಟ್ರಾಫಿಕ್ ಸ್ಕೂಲೂ (ಟೆಕ್ಸಾಸಿನ ಡಿಫೆನ್ಸಿವ್ ಡ್ರೈವಿಂಗ್ ಥರದ ಕೋರ್ಸ್) ಇದೆ. ದುಡ್ಡಿಲ್ಲದವರಿಗೆ ಮೈ ಸೈಟೇಷನ್ಸ್ ಅಂತ ಕೋರ್ಟಿನದ್ದೇ ವೆಬ್‌ಸೈಟಿದೆ, ಆದಾಯ ತೋರಿಸಿ ದಂಡ ಕಡಿಮೆ ಮಾಡಿ ಅಂತ ಕೇಳಬಹುದು. ಸ್ಟೂಡೆಂಟ್ಸ್ ಇದನ್ನು ನೋಡಿ.

ಧಾರವಾಡದಾಕಿ

ನನ್ನ ಕಥಿ ಕೇಳ್ರಿ. ಅಟ್ಲಾಂಟಾದಾಗ ಇದ್ದೀನಿ. ಎರಡು ವರ್ಷದ ಹಿಂದೆ ಹೈವೇದಾಗ 87 ಹೊಡದು ಸಿಕ್ಕಿಬಿದ್ದೆ. ಸಣ್ಣ ಊರಿನ ಕೋರ್ಟು, ಆನ್‌ಲೈನ್ ದುಡ್ಡು ಕಟ್ಟಿದೆ, ರಶೀದಿ ತಗೊಂಡೆ, ಮುಗೀತು ಅಂತ ಆರಾಮ ಇದ್ದೆ. ಮುಗಿದಿರಲಿಲ್ಲ.

ಜಾರ್ಜಿಯಾದಲ್ಲಿ ಸೂಪರ್ ಸ್ಪೀಡರ್ ಅಂತ ಒಂದು ಕಾನೂನು ಇದೆ. ಎರಡು ಲೇನಿನ ರಸ್ತೆಯಲ್ಲಿ 75, ಬೇರೆ ಯಾವ ರಸ್ತೆಯಲ್ಲಾದರೂ 85 ಮುಟ್ಟಿದರೆ, ಕೋರ್ಟಿಗೆ ಕಟ್ಟಿದ್ದು ಬಿಟ್ಟು ರಾಜ್ಯಕ್ಕೆ ಬೇರೆ 200 ಡಾಲರ್. ಕೋರ್ಟಿನವರು ಅದನ್ನ ತಗೊಳ್ಳಂಗಿಲ್ಲ, ಆಮೇಲೆ ಡ್ರೈವರ್ ಲೈಸೆನ್ಸ್ ಇಲಾಖೆಯಿಂದ ಕಾಗದ ಬರ್ತದ. ನಾನು ಅಷ್ಟರಾಗ ಮನಿ ಬದಲಿಸಿದ್ದೆ, ಲೈಸೆನ್ಸ್ ಮ್ಯಾಲ ಹಳೇ ವಿಳಾಸನೇ ಇತ್ತು. 120 ದಿನದೊಳಗ ಕಟ್ಟಲಿಲ್ಲ ಅಂದ್ರ ಲೈಸೆನ್ಸ್ ಸಸ್ಪೆಂಡು, ಮ್ಯಾಲ ಇನ್ನೊಂದು 50. ನನಗ ಗೊತ್ತಾಗಿದ್ದು ಯಾವಾಗ ಅಂದ್ರ, ಬ್ರೇಕ್ ಲೈಟ್ ಹೋಗಿದೆ ಅಂತ ಒಬ್ಬ ಪೊಲೀಸ್ ನಿಲ್ಲಿಸಿ "ಮೇಡಂ, ನಿಮ್ಮ ಲೈಸೆನ್ಸ್ ಸಸ್ಪೆಂಡ್ ಆಗಿದೆಯಲ್ಲ" ಅಂದಾಗ. ಹಿಂದಿನ ಸೀಟಿನ್ಯಾಗ ಮಗಳು, ಡಾನ್ಸ್ ಕ್ಲಾಸಿನ ಡ್ರೆಸ್ಸಿನ್ಯಾಗ. ಕಾರು ಅಲ್ಲೇ ಬಿಟ್ಟು ಗೆಳತಿಗೆ ಫೋನ್ ಮಾಡಿ ಕರೆಸಿಕೊಂಡೆ.

ಮನಿ ಬದಲಿಸಿದ್ರ ಮೊದಲು ಲೈಸೆನ್ಸ್ ವಿಳಾಸ ಬದಲಿಸ್ರಿ. ಹಾಲಿನವರಿಗೆ ಹೇಳೋದು ಆಮೇಲೆ.

ಸೀಗೆಪುಡಿ

ಅಯ್ಯೋ ಅಕ್ಕಾ. ಮಗಳು ಹೆದರಿಕೊಂಡಳಾ?

ಧಾರವಾಡದಾಕಿ

ಇಲ್ಲವಾ, ಆಕಿಗೆ ಭಾಳ ಖುಷಿ. ಮರುದಿನ ಸಾಲ್ಯಾಗ ಎಲ್ಲಾರಿಗೂ ಹೇಳಿ ಬಂದಾಳ, ನಮ್ಮವ್ವ ಸೂಪರ್ ಸ್ಪೀಡರ್ ಅಂತ.

ಆಸ್ಟಿನ್_ಅಜ್ಜ

ಬೇರೆ ರಾಜ್ಯ ಅಂದಾಗ ನೆನಪಾಯ್ತು. ವರ್ಜೀನಿಯಾದಲ್ಲಿ ಹುಷಾರು. ಅಲ್ಲಿ ಮಿತಿಗಿಂತ 20 ಜಾಸ್ತಿ, ಅಥವಾ ಮಿತಿ ಎಷ್ಟೇ ಇರಲಿ 85ಕ್ಕಿಂತ ಜಾಸ್ತಿ ಹೋದರೆ ಅದು ಬರೀ ಟಿಕೆಟ್ ಅಲ್ಲ, ರೆಕ್‌ಲೆಸ್ ಡ್ರೈವಿಂಗ್. ಮೊದಲ ದರ್ಜೆಯ ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಕೇಸು. ಕಾನೂನಲ್ಲಿ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ಮಿತಿ 70 ಇರುವ ಕಡೆ 86 ಅಂದರೆ ನಮ್ಮ ಟೆಕ್ಸಾಸ್ ಕಣ್ಣಿಗೆ ಏನೂ ಅಲ್ಲ, ಅಲ್ಲಿ ಕೇಸು. ಅಂಥದ್ದನ್ನು ಆನ್‌ಲೈನ್ ಕಟ್ಟಿ ಮುಗಿಸೋಕಾಗಲ್ಲ, ಅಲ್ಲಿನ ವಕೀಲರನ್ನು ಹಿಡೀಬೇಕು.

ಬೆಳ್ಳಂಬೆಳಗ್ಗೆ

ನಾನು ಎಫ್-1 ಸ್ಟೂಡೆಂಟ್. ಟಿಕೆಟ್ ಆದರೆ ವೀಸಾಗೆ ತೊಂದರೆನಾ? ರೂಮ್‌ಮೇಟ್ಸ್ ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸ್ತಿದ್ದಾರೆ. ವಾಷಿಂಗ್ಟನ್ ರಾಜ್ಯ, 11 ಮೈಲಿ ಜಾಸ್ತಿ ಅಷ್ಟೇ.

ಚಿತ್ರಾನ್ನ_404

ಬರೀ ಸ್ಪೀಡಿಂಗ್ ಟಿಕೆಟ್, ಸಮಯಕ್ಕೆ ಸರಿಯಾಗಿ ಮುಗಿಸಿದರೆ, ಸಾಮಾನ್ಯವಾಗಿ ದೊಡ್ಡ ವಿಷಯ ಅಲ್ಲ. ಕುಡಿದು ಓಡಿಸೋದು ಬೇರೆ ಕಥೆ, ಅದಕ್ಕೆ ವೀಸಾ ರದ್ದು ಮಾಡ್ತಾರೆ. ಆದರೆ 2025ರ ವಸಂತದಲ್ಲಿ ಸರ್ಕಾರ ವಿದೇಶಿ ಸ್ಟೂಡೆಂಟ್ ರೆಕಾರ್ಡುಗಳನ್ನು ಏಕಾಏಕಿ ತೆಗೆದಾಗ, ಸಣ್ಣಪುಟ್ಟ ಟ್ರಾಫಿಕ್ ಕೇಸ್ ಇದ್ದವರದ್ದೂ ಹೋಗಿ ಆಮೇಲೆ ವಾಪಸ್ ಬಂದಿದ್ದನ್ನು ನೋಡಿದ್ದೇವೆ. ಹಾಗಾಗಿ ಯಾವ ಟಿಕೆಟ್ಟನ್ನೂ ಬಾಕಿ ಉಳಿಸಬೇಡ, ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಮಾತು ಹೇಳಿಡು.

ಕಾಗದ ಎಲ್ಲ ಪಿಡಿಎಫ್ ಮಾಡಿ ಇಟ್ಟುಕೋ. ಮುಂದೆ ನಾಗರಿಕತ್ವದ ಎನ್-400 ಅರ್ಜಿಯಲ್ಲಿ ಪೊಲೀಸರು ಯಾವತ್ತಾದರೂ ಹಿಡಿದಿದ್ದಾರಾ, ಟಿಕೆಟ್ ಬರೆದಿದ್ದಾರಾ ಅಂತ ಕೇಳ್ತಾರೆ. ಹನ್ನೆರಡು ವರ್ಷದ ಹಿಂದಿನ ಟಿಕೆಟ್ ಯಾವ ಕೌಂಟಿದು ಅಂತ ನಾನು ಒಂದು ಶನಿವಾರ ಪೂರ್ತಿ ಹುಡುಕಿದ್ದೀನಿ.

ವಾಷಿಂಗ್ಟನ್‌ನಲ್ಲಿ ಮುಖ್ಯವಾಗಿ ಮೂರು ದಾರಿ: ಕಟ್ಟೋದು, ತಪ್ಪು ಒಪ್ಪಿ ದಂಡ ಕಡಿಮೆ ಮಾಡಿ ಅಂತ ಕೇಳೋದು, ಇಲ್ಲ ಎದುರಿಸೋದು. ಜೊತೆಗೆ ಡೆಫರ್ಡ್ ಫೈಂಡಿಂಗ್ (ತೀರ್ಪು ಮುಂದೂಡೋದು) ಇದೆ, ಓಡಿಸುವ ತಪ್ಪಿಗೆ ಏಳು ವರ್ಷಕ್ಕೆ ಒಂದೇ ಸಲ. ಅದನ್ನು ಕೇಳು.

ಕಿಟಕಿ_ನಂಬರ್_3

ದುಡ್ಡಿನ ಕಷ್ಟ ಇದ್ದರೆ ಅದನ್ನೂ ಬಾಯಿ ಬಿಟ್ಟು ಹೇಳು ಪುಟ್ಟ. ಕಂತಿನಲ್ಲಿ ಕಟ್ಟೋಕೆ ಬಹಳ ಕಡೆ ಬಿಡ್ತಾರೆ, ಕೆಲವು ಕಡೆ ಸಮುದಾಯ ಸೇವೆ ಮಾಡಿ ತೀರಿಸಬಹುದು. ಬೇಕಂತಲೇ ಕಟ್ಟದಿರೋದು ಬೇರೆ, ಕೈಲಾಗದೆ ಕಟ್ಟದಿರೋದು ಬೇರೆ ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಜಾರ್ಜಿಯಾದ ಒಂದು ಕೇಸಲ್ಲಿ ಹೇಳಿದೆ. ನಮ್ಮ ಕಿಟಕಿ ಮುಂದೆ ಬಂದು ಹೇಳಿದವರಿಗೆಲ್ಲ ಏನಾದರೂ ದಾರಿ ಆಗ್ತಿತ್ತು. ಬರದೇ ಇದ್ದವರಿಗೆ ನಾವು ಏನು ಮಾಡೋಕಾಗ್ತಿತ್ತು?

ದುಭಾಷಿ ಬೇಕು ಅಂತಲೂ ಕೇಳಬಹುದು. ಒಂದು ಸಲ ಒಬ್ಬರು ಅಜ್ಜಿ ಕನ್ನಡ ಅಂತ ಕೇಳಿದ್ದರು. ಫೋನಲ್ಲಿ ಬಂದ ದುಭಾಷಿ ಕನ್ನಡದವರಲ್ಲ, ಪಕ್ಕದ ರಾಜ್ಯದವರು. ಐದು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು "ಆಂ? ಆಂ?" ಅಂದರು. ನಾನು ನಡುವೆ ಬಾಯಿ ಹಾಕುವ ಹಾಗಿಲ್ಲ, ನಿಯಮ. ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ಜಡ್ಜ್ ಇನ್ನೊಂದು ದಿನ ಕೊಟ್ಟು, ಆವತ್ತು ಸರಿಯಾದವರನ್ನು ಕರೆಸಿದರು.

ಬನಶಂಕರಿ_ಬಸ್‌ಸ್ಟಾಪ್

ನನಗೂ ಒಂದು ಟಿಕೆಟ್ ಬಂದಿದೆ ಅನ್ಸುತ್ತೆ. "ಕೊನೆಯ ಎಚ್ಚರಿಕೆ, ಡಿಎಂವಿ, ಇವತ್ತೇ 6.99 ಕಟ್ಟಿ, ಇಲ್ಲಾಂದ್ರೆ ಲೈಸೆನ್ಸ್ ರದ್ದು" ಅಂತ ಮೆಸೇಜು, ಲಿಂಕ್ ಜೊತೆ. ನಾನು ಇರೋದು ಜಯನಗರದಲ್ಲಿ. ಅಮೆರಿಕಕ್ಕೆ 2019ರಲ್ಲಿ ಹೋಗಿದ್ದೆ, ಆ ನಂಬರ್ ಇನ್ನೂ ಇದೆ.

ಕಡಬು_ಕಿಟ್ಟಿ

ಮೋಸ ಅದು, ಮುಟ್ಟಬೇಡಿ. ಟೋಲ್ ಬಾಕಿ ಅಂತ ಬರುವ ಇಂಥ ಮೆಸೇಜುಗಳ ಬಗ್ಗೆ 2024ರ ಏಪ್ರಿಲಲ್ಲೇ ಎಫ್‌ಬಿಐ ಎಚ್ಚರಿಸಿತ್ತು, ಈಗ ಅದೇ ಆಟ ಡಿಎಂವಿ ಹೆಸರಲ್ಲಿ. ಮೆಸೇಜಲ್ಲಿರುವ ಲಿಂಕ್ ಒತ್ತಲೇಬಾರದು. ಕೆಲವು ಕೋರ್ಟುಗಳು ಕಾರ್ಡ್ ಪಾವತಿಯನ್ನು ಖಾಸಗಿ ಕಂಪನಿಗೆ ಕೊಟ್ಟಿರುತ್ತವೆ, ಹಾಗಾಗಿ ವಿಳಾಸ ನೋಡಿದ ಮಾತ್ರಕ್ಕೆ ಗೊತ್ತಾಗಲ್ಲ. ಸಿಟಿ ಅಥವಾ ಕೌಂಟಿಯ ಸರ್ಕಾರಿ ಪುಟದಿಂದಲೇ ಶುರು ಮಾಡಿ ಒಳಗೆ ಹೋಗಿ. ಗೂಗಲಲ್ಲಿ ಮೇಲೆ ಬರುವ ಜಾಹೀರಾತು ಒತ್ತಿದರೆ ನಡುವೆ ಯಾರೋ ಕಮಿಷನ್ ಹೊಡೀತಾರೆ.

ಹೊಳೆನರಸೀಪುರ_ಹುಡುಗ

ಎಲ್ರಿಗೂ ದೊಡ್ಡ ನಮಸ್ಕಾರ. ಅಪ್‌ಡೇಟ್: ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಡಿಫೆನ್ಸಿವ್ ಡ್ರೈವಿಂಗ್ ಕೇಳಿದೆ. ಇನ್ಶೂರೆನ್ಸ್ ಕಾಗದ, ಲೈಸೆನ್ಸ್ ಪ್ರತಿ, ಸಹಿ ಮಾಡಿದ ಫಾರಂ, ಎಲ್ಲ ಕಳಿಸಿದೆ. ಒಪ್ಪಿಗೆ ಬಂತು. ಮೊನ್ನೆ ಶನಿವಾರ ಕೋರ್ಸಿಗೆ ಕೂತೆ. ಅಪ್ಪನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಆರು ಗಂಟೆ ಕೂತು ನೋಡಿದರು. ಮಧ್ಯೆ ಪೊಲೀಸ್ ನಿಲ್ಲಿಸಿದರೆ ಗಾಡಿಯಿಂದ ಇಳಿಯಬಾರದು, ಕೈ ಸ್ಟೇರಿಂಗ್ ಮೇಲೆ ಇಡಬೇಕು ಅಂತ ಬಂತು. ಅಮ್ಮ ಅಡುಗೆಮನೆಯಿಂದಲೇ "ಕೇಳಿಸಿಕೊಂಡ್ರಾ?" ಅಂದರು. ಅಪ್ಪ ಏನೂ ಕೇಳಿಸದವರ ಹಾಗೆ ಕಾಫಿ ಕುಡಿದರು.

ಸರ್ಟಿಫಿಕೇಟ್ ಬಂತು, ಡ್ರೈವಿಂಗ್ ರೆಕಾರ್ಡೂ ತರಿಸಿದೆ. ಇವತ್ತು ಎರಡನ್ನೂ ಕವರಿಗೆ ಹಾಕಿ, ಫೋಟೋ ತೆಗೆದು, ಟ್ರ್ಯಾಕಿಂಗ್ ಇರುವ ಪೋಸ್ಟಲ್ಲಿ ಕಳಿಸಿ ಬಂದೆ. ಡ್ಯಾಶ್‌ಬೋರ್ಡ್ ಮೇಲೆ ಇಡಲಿಲ್ಲ.

ಆಸ್ಟಿನ್_ಅಜ್ಜ

ಭೇಷ್. ರೆಕಾರ್ಡ್ 3ಎ ತಾನೇ ತರಿಸಿದ್ದು?

ಹೊಳೆನರಸೀಪುರ_ಹುಡುಗ

ಒಂದು ನಿಮಿಷ ಸರ್, ಫೋಟೋ ನೋಡ್ತೀನಿ.

ಹೊಳೆನರಸೀಪುರ_ಹುಡುಗ

90 ದಿನದಲ್ಲಿ ಇನ್ನೂ ಎಷ್ಟು ದಿನ ಉಳಿದಿದೆ ಅಂತ ಲೆಕ್ಕ ಹಾಕ್ತಿದ್ದೀನಿ.